ಜಗಳದ ಮೇಲೂ ಒಂದು ಪಿಎಚ್‌ಡಿ ಆಗಲಿ: ಮುಂಬಯಿ, ಪುಣೆ, ಗೋವಾದ ಕನ್ನಡ ಸಂಘಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಅಧ್ಯಕ್ಷರೇ, ಕಾರ್ಯದರ್ಶಿಗಳೇ, ಖಜಾಂಚಿಗಳೇ,

ನಮಸ್ಕಾರ. ಖಜಾಂಚಿಗಳಿಗೆ ಒಂದು ನಮಸ್ಕಾರ ಜಾಸ್ತಿ. ಪತ್ರದಲ್ಲಿ ದುಡ್ಡಿನ ಮಾತೂ ಇದೆ.

ಪರೀಕ್ಷೆಗಳ ಫಲಿತಾಂಶ ಬಂದ ಮೇಲೆ ನಮ್ಮ ಸಂಘಗಳಲ್ಲಿ ವಿದ್ಯಾರ್ಥಿವೇತನದ ಅರ್ಜಿ ಹಂಚುವ ಗಡಿಬಿಡಿ. ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಓದಿ ಮೇಲೆ ಬಂದವರು ಕಟ್ಟಿ ಬೆಳೆಸಿದ ಸಂಘಗಳಿವು. ಓದುವವರ ಕೈ ಹಿಡಿಯಿರಿ ಎಂದು ನಿಮಗೆ ಯಾರೂ ಹೇಳಬೇಕಾಗಿಲ್ಲ. ಆದರೆ ಸಮಾರಂಭದ ದಿನ ವೇದಿಕೆ ಹತ್ತುವವರನ್ನು ನೋಡಿ. ಎಂಜಿನಿಯರಿಂಗ್, ಮೆಡಿಕಲ್, ಸಿಎ, ಈಚೆಗೆ ಎಂಬಿಎ. ಉಳಿದವರೆಲ್ಲ 'ಇತರೆ' ಕಾಲಮಿನಲ್ಲಿ.

ಆ 'ಇತರೆ'ಯೊಳಗಿನ ಒಂದು ವಿಷಯವನ್ನು ಎತ್ತಿ ಮುಂದಿಡುತ್ತಿದ್ದೇನೆ. ಸಂಘರ್ಷ ಪರಿಹಾರದಲ್ಲಿ, ಅಂದರೆ ಜಗಳಗಳು ಯಾಕೆ ಹುಟ್ಟುತ್ತವೆ, ಹೇಗೆ ಬಗೆಹರಿಯುತ್ತವೆ ಎಂಬ ಓದಿನಲ್ಲಿ, ಪಿಎಚ್‌ಡಿ ಮಾಡುವ ನಮ್ಮ ಹುಡುಗ ಹುಡುಗಿಯರಿಗೆ ನೀವು ಒಂದು ಫೆಲೋಶಿಪ್ ಇಡಬೇಕು. ಅದರ ಜೊತೆಗೆ ಸಂಘದ ಕಪಾಟಿನಲ್ಲಿರುವ, ಹಳೆಯ ಸಭೆಗಳ ನಡಾವಳಿ ಪುಸ್ತಕಗಳನ್ನು ಅವರಿಗೆ ಓದಲು ಕೊಡಬೇಕು. ಎರಡನೆಯದೇ ನಿಮಗೆ ಹೆಚ್ಚು ಕಷ್ಟ ಎಂದು ಗೊತ್ತಿದ್ದೇ ಕೇಳುತ್ತಿದ್ದೇನೆ.

ನಾನು ಡೊಂಬಿವಲಿಯವಳು. ಹಗಲು ನೌಕರಿ, ಉಳಿದ ಹೊತ್ತಿನಲ್ಲಿ ಪಿಎಚ್‌ಡಿ. ಹೌಸಿಂಗ್ ಸೊಸೈಟಿಗಳ ಜಗಳಗಳು ಕೋರ್ಟಿಗೆ ಹೋಗುವ ಮೊದಲೇ ಹೇಗೆ ಮುಗಿಯುತ್ತವೆ, ಯಾಕೆ ಮುಗಿಯುವುದಿಲ್ಲ ಎನ್ನುವುದು ನನ್ನ ವಿಷಯ. ಈ ಫೆಲೋಶಿಪ್ ನನಗೆ ಬೇಡ. ನನ್ನದು ಮುಗಿಯುತ್ತಾ ಬಂತು. ಹಿಂದಿನಿಂದ ಬರುವವರಿಗಾಗಿ ಈ ಪತ್ರ.

ಯಕ್ಷಗಾನದ ಕಾರ್ಯಕ್ರಮವೊಂದರಲ್ಲಿ ಸಿಕ್ಕ ಹಿರಿಯರೊಬ್ಬರು ನನ್ನ ವಿಷಯ ಕೇಳಿ ನಕ್ಕರು. "ಜಗಳ ಬಿಡಿಸೋಕೆ ಪಿಎಚ್‌ಡಿ ಯಾಕಮ್ಮಾ? ನಾಲ್ಕು ಜನ ಹಿರಿಯರು ಕೂತರೆ ಸಾಲದಾ?" ಎಂದರು. ಒಳ್ಳೆಯ ಪ್ರಶ್ನೆ. ಆ ನಾಲ್ಕು ಜನ ಯಾರು, ಅವರನ್ನು ಆರಿಸಿದವರು ಯಾರು, ಅವರ ಮಾತನ್ನು ಒಬ್ಬ ಕೇಳಿ ಇನ್ನೊಬ್ಬ ಯಾಕೆ ಕೇಳುವುದಿಲ್ಲ, ಇವೆಲ್ಲ ಈ ಓದಿನ ಒಳಗೇ ಬರುತ್ತವೆ. ಕೃಷ್ಣ ಹೋಗಿದ್ದು ನಿಜವಾಗಿ ಸಂಧಾನಕ್ಕೋ, ಯುದ್ಧಕ್ಕೆ ನೆಪ ಹುಡುಕಲಿಕ್ಕೋ ಎಂದು ತಾಳಮದ್ದಳೆಯಲ್ಲಿ ನಮ್ಮ ಅರ್ಥಧಾರಿಗಳು ಗಂಟೆಗಟ್ಟಲೆ ವಾದ ಮಾಡುತ್ತಾರಲ್ಲ? ನಡುವೆ ನಿಂತವನಿಗೆ ತನ್ನದೇ ಲೆಕ್ಕಾಚಾರ ಇದ್ದರೆ ಸಂಧಾನ ಏನಾಗುತ್ತದೆ ಎಂಬ ಅದೇ ಪ್ರಶ್ನೆಯನ್ನು ವಿಶ್ವವಿದ್ಯಾಲಯಗಳಲ್ಲೂ ಕೇಳುತ್ತಾರೆ. ಅಲ್ಲಿ ಚೆಂಡೆ ಮದ್ದಳೆ ಇರುವುದಿಲ್ಲ, ಅಷ್ಟೇ.

ಈ ಓದು ನಿನ್ನೆ ಮೊನ್ನೆಯದಲ್ಲ. 1957ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಸಂಘರ್ಷ ಪರಿಹಾರಕ್ಕೆಂದೇ ಒಂದು ಸಂಶೋಧನಾ ಪತ್ರಿಕೆ ಶುರುವಾಯಿತು. 1959ರಲ್ಲಿ ನಾರ್ವೆಯ ಯೊಹಾನ್ ಗಾಲ್ತುಂಗ್ ಓಸ್ಲೋದಲ್ಲಿ ಶಾಂತಿ ಸಂಶೋಧನಾ ಸಂಸ್ಥೆ ಕಟ್ಟಿದರು. ಇಂಗ್ಲೆಂಡಿನ ಬ್ರಾಡ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಇದರ ವಿಭಾಗ ತೆರೆದದ್ದು 1973ರಲ್ಲಿ. ಇದೇ ಹೆಸರಿನಲ್ಲಿ ಪಿಎಚ್‌ಡಿ ಕೊಡುವುದನ್ನು 1988ರಲ್ಲಿ ಅಮೆರಿಕದ ಜಾರ್ಜ್ ಮೇಸನ್ ವಿಶ್ವವಿದ್ಯಾಲಯ ಮೊದಲು ಮಾಡಿತು. ನಮ್ಮಲ್ಲಿ ದೆಹಲಿಯ ಜಾಮಿಯಾ ಮಿಲಿಯಾದಲ್ಲಿ 2004ರಿಂದ ನೆಲ್ಸನ್ ಮಂಡೇಲಾ ಹೆಸರಿನ ಕೇಂದ್ರ ಇದೆ. ಸಿಕ್ಕಿಂ ವಿಶ್ವವಿದ್ಯಾಲಯದಲ್ಲೂ ವಿಭಾಗ ಇದೆ. ಹೊಡೆದಾಟ ನಿಂತ ಮಾತ್ರಕ್ಕೆ ಶಾಂತಿ ಬಂತು ಎನ್ನಲಾಗದು, ಹೊಡೆದಾಟಕ್ಕೆ ಕಾರಣವಾದ ಅನ್ಯಾಯವೂ ಹೋಗಬೇಕು ಎಂದವರು ಗಾಲ್ತುಂಗ್. ಅಂಗಡಿ ಬಾಗಿಲು ತೆರೆದ ಕೂಡಲೇ 'ಪರಿಸ್ಥಿತಿ ಸಹಜ' ಎಂದು ಬರೆಯುವ ನಮ್ಮ ಪತ್ರಿಕೆಗಳವರು ಇದನ್ನು ಆಗಾಗ ನೆನಪಿಸಿಕೊಂಡರೆ ಒಳ್ಳೆಯದು.

ಸಣ್ಣ ಜಗಳ ಒಂದನ್ನು ಹತ್ತಿರದಿಂದ ನೋಡೋಣ. ಮುಂಬಯಿಯಲ್ಲಿ ಮನೆ ಇರುವವರಿಗೆಲ್ಲ ಗೊತ್ತಿರುವ ಲೀಕೇಜ್ ಜಗಳ. ಮೂರನೇ ಮಹಡಿಯ ಬಾತ್‌ರೂಮಿನಿಂದ ಎರಡನೇ ಮಹಡಿಯ ಅಡುಗೆಮನೆಗೆ ನೀರು ಇಳಿಯುತ್ತದೆ. ಗೋಡೆ ಹಸಿರುಗಟ್ಟಿ, ಸುಣ್ಣ ಹಪ್ಪಳದ ಹಾಗೆ ಎದ್ದಿರುತ್ತದೆ. ಪ್ಲಂಬರಿಗೆ ಅದು ಎರಡು ದಿನದ ಕೆಲಸ. ಆದರೆ ಜಗಳ ವರ್ಷಗಟ್ಟಲೆ ನಡೆಯುತ್ತದೆ. ಜನರಲ್ ಬಾಡಿ ಮೀಟಿಂಗ್ ಬಂದಾಗಲೆಲ್ಲ ಅದೇ ಕೂಗಾಟ. ಆಮೇಲೆ ವಕೀಲರ ನೋಟಿಸು, ನಂತರ 1960ರ ಸಹಕಾರಿ ಕಾಯ್ದೆಯ 91ನೇ ಕಲಮಿನಡಿ ಕೋಆಪರೇಟಿವ್ ಕೋರ್ಟು.

ನಾನು ನೋಡಿದ ಇಂಥ ಒಂದು ಪ್ರಕರಣದಲ್ಲಿ ರಿಪೇರಿ ಖರ್ಚು ಎರಡೂ ಮನೆಯವರಿಗೆ ದೊಡ್ಡದಾಗಿರಲಿಲ್ಲ. ಪ್ಲಂಬರನ್ನು ಮೊದಲು ಒಳಗೆ ಬಿಟ್ಟವರು ತಪ್ಪು ಒಪ್ಪಿಕೊಂಡ ಹಾಗಾಗುತ್ತದೆ ಎಂಬ ಭಯ ದೊಡ್ಡದಾಗಿತ್ತು. ಮೇಲಿನವರು "ನಿಮ್ಮ ಪೈಪು ನೋಡಿಸಿ" ಎನ್ನುತ್ತಿದ್ದರು. ಕೆಳಗಿನವರು "ನಿಮ್ಮ ಟೈಲ್ಸ್ ತೆಗೆಸಿ" ಎನ್ನುತ್ತಿದ್ದರು. ಕೊನೆಗೆ ಸೊಸೈಟಿಯ ಸೆಕ್ರೆಟರಿ ಕಾಕು (ಮರಾಠಿಯಲ್ಲಿ ಕಾಕು ಅಂದರೆ ಚಿಕ್ಕಮ್ಮ), ನಿವೃತ್ತ ಟೀಚರ್, ಒಂದು ಉಪಾಯ ಮಾಡಿದರು. ಒಂದೇ ದಿನ, ಒಂದೇ ಹೊತ್ತಿಗೆ, ಇಬ್ಬರು ಪ್ಲಂಬರುಗಳು ಎರಡೂ ಮನೆಗೆ. ಖರ್ಚು ಸದ್ಯಕ್ಕೆ ಸೊಸೈಟಿಯದು, ತಪ್ಪು ಯಾರದೆಂದು ಗೊತ್ತಾದ ಮೇಲೆ ಹಂಚಿಕೆ. ಮೊದಲು ಯಾರು ಎಂಬ ಪ್ರಶ್ನೆಯೇ ಉಳಿಯಲಿಲ್ಲ. ನೀರು ನಿಂತಿತು. ಮಾತುಕತೆ ಇನ್ನೂ ಪೂರ್ತಿ ಶುರುವಾಗಿಲ್ಲ, ಲಿಫ್ಟಿನಲ್ಲಿ ತಲೆ ಅಲ್ಲಾಡಿಸುವ ಮಟ್ಟಕ್ಕೆ ಬಂದಿದೆ.

ಆ ಕಾಕು ಯಾವ ಪಿಎಚ್‌ಡಿಯನ್ನೂ ಮಾಡಿಲ್ಲ. ಹಾಗಾದರೆ ಪಿಎಚ್‌ಡಿ ಯಾಕೆ ಎಂದರೆ, ಅವರು ಮಾಡಿದ್ದು ಅವರ ಜೊತೆಗೇ ಹೋಗಬಾರದು. ಪಕ್ಕದ ಸೊಸೈಟಿಯಲ್ಲಿ ಅದೇ ಉಪಾಯ ನಡೆಯುತ್ತದಾ, ನಡೆಯದಿದ್ದರೆ ಯಾಕೆ, ಪಾರ್ಕಿಂಗ್ ಜಗಳಕ್ಕೂ ಅದು ಒಗ್ಗುತ್ತದಾ, ಇಡೀ ಕಟ್ಟಡವನ್ನೇ ಕೆಡವಿ ಕಟ್ಟುವ ರಿಡೆವಲಪ್‌ಮೆಂಟಿನಲ್ಲಿ ಬಿಲ್ಡರನೂ ನಡುವೆ ಬಂದಾಗ ಏನಾಗುತ್ತದೆ, ಇದನ್ನೆಲ್ಲ ಯಾರಾದರೂ ಕೂತು ಹೋಲಿಸಿ ನೋಡಬೇಕು. ಪಿಎಚ್‌ಡಿ ಅಂದರೆ ಆ ಕೂತು ನೋಡುವ ಕೆಲಸ. ಪಿಎಚ್‌ಡಿ ಆದವರೆಲ್ಲ ಜಗಳ ಬಿಡಿಸುತ್ತಾರೆ ಎಂಬ ಭ್ರಮೆ ನನಗಿಲ್ಲ. ವಿಶ್ವವಿದ್ಯಾಲಯದ ವಿಭಾಗಗಳ ಒಳಗೆ ಒಂದು ಸುತ್ತು ಹಾಕಿ ಬಂದರೆ ನಿಮಗೂ ಇರುವುದಿಲ್ಲ.

ಇದರಲ್ಲಿ ಕನ್ನಡ ಸಂಘಗಳಿಗೆ ಏನು ಸಂಬಂಧ ಎಂದು ಕೇಳಬಹುದು. ನಾವು ಎರಡು ರಾಜ್ಯಗಳ ಜಗಳದ ಹೊಸ್ತಿಲ ಮೇಲೆ ಬದುಕುವ ಜನ, ಅಲ್ವಾ?

2022ರ ನವೆಂಬರ್, ಡಿಸೆಂಬರ್ ನೆನಪಿರಬಹುದು. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಜತ್ ತಾಲ್ಲೂಕಿನ ಹಳ್ಳಿಗಳು ಕರ್ನಾಟಕಕ್ಕೆ ಸೇರುವ ಬಗ್ಗೆ ಕರ್ನಾಟಕದ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಒಂದು ಮಾತು ಆಡಿದರು. ಮಹಾರಾಷ್ಟ್ರ ಸಿಟ್ಟಾಯಿತು. ಬೆಳಗಾವಿ ಹತ್ತಿರದ ಹಿರೇಬಾಗೇವಾಡಿಯಲ್ಲಿ ಮಹಾರಾಷ್ಟ್ರದ ಲಾರಿಗಳಿಗೆ ಕಲ್ಲು ಬಿತ್ತು. ಪುಣೆಯ ಸ್ವಾರಗೇಟ್ ಬಳಿ ಕರ್ನಾಟಕದ ಬಸ್ಸುಗಳಿಗೆ ಮಸಿ ಬಳಿದರು. ಡಿಸೆಂಬರ್ 14ಕ್ಕೆ ಕೇಂದ್ರ ಗೃಹ ಸಚಿವ ಅಮಿತ್ ಶಾ ಇಬ್ಬರೂ ಮುಖ್ಯಮಂತ್ರಿಗಳನ್ನು ದೆಹಲಿಗೆ ಕರೆಸಿ, ಎರಡೂ ಕಡೆಯಿಂದ ಮೂರು ಮೂರು ಮಂತ್ರಿಗಳು ಕೂತು ಮಾತಾಡಲಿ ಎಂದರು. ಈ ಗಡಿ ಜಗಳದ ಮೇಲೆ ಮಹಾಜನ ಆಯೋಗ ವರದಿ ಕೊಟ್ಟದ್ದು 1967ರಲ್ಲಿ. ಮಹಾರಾಷ್ಟ್ರ ಸುಪ್ರೀಂ ಕೋರ್ಟಿಗೆ ಹೋದದ್ದು 2004ರಲ್ಲಿ. ಇವೆಲ್ಲ ಬಾಯಿಪಾಠ ಆಗಿರುವವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ.

ಆದರೆ ಜತ್‌ನವರು ಕೇಳಿದ್ದೇನು? ಆ ಕಡೆಯ ಕೆಲವು ಹಳ್ಳಿಗಳವರು ಕರ್ನಾಟಕಕ್ಕೆ ಸೇರುತ್ತೇವೆ ಎಂದು ಹಿಂದೆ ಠರಾವು ಮಾಡಿದ್ದರ ಹಿಂದೆ ಇದ್ದದ್ದು ನೀರು. ಹೊಲಕ್ಕೂ ಇಲ್ಲ, ಕೊಡಕ್ಕೂ ಇಲ್ಲ. ಬಾಯಲ್ಲಿ ಬಂದದ್ದು ರಾಜ್ಯ, ಬೇಕಾಗಿದ್ದದ್ದು ನೀರು. ಗಲಾಟೆ ಎದ್ದ ಮೇಲೆ ಮಹಾರಾಷ್ಟ್ರ ಸರ್ಕಾರವೂ ಮ್ಹೈಸಾಳ ಏತ ನೀರಾವರಿಯನ್ನು ಜತ್‌ಗೆ ವಿಸ್ತರಿಸುವ ಕೆಲಸವನ್ನು ಚುರುಕು ಮಾಡಿತು. ಕೇಳುವುದು ಒಂದು, ಬೇಕಾಗಿರುವುದು ಇನ್ನೊಂದು. ಈ ಎರಡನ್ನು ಬೇರೆ ಮಾಡಿ ನೋಡುವುದು ನಮ್ಮ ಓದಿನಲ್ಲಿ ಮೊದಲ ಪಾಠ. ಜತ್, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರದಲ್ಲಿ ಮನೆ ಮನೆಗೆ ಹೋಗಿ ಕನ್ನಡದಲ್ಲೂ ಮರಾಠಿಯಲ್ಲೂ ಕೇಳಬಲ್ಲ ಸಂಶೋಧಕರು ಬೇಕು. ದೆಹಲಿಯಿಂದ ಬಂದವರಿಗೆ ಅದು ಸುಲಭವಲ್ಲ. ನಮ್ಮ ಸಂಘದ ಸದಸ್ಯರ ಮಕ್ಕಳು ಎರಡೂ ಭಾಷೆಯಲ್ಲಿ ಜಗಳ ಆಡಬಲ್ಲವರು. ಅವರಿಗಿಂತ ಯೋಗ್ಯರು ಇನ್ಯಾರು ಸಿಗುತ್ತಾರೆ?

ಇನ್ನೂ ಒಂದು ವಿಷಯ. ಅಂಥ ದಿನಗಳಲ್ಲಿ ನಮ್ಮ ಹೋಟೆಲುಗಳವರು ಏನು ಮಾಡುತ್ತಾರೆ? ಯಾರಿಗೆ ಮೊದಲು ಫೋನ್ ಮಾಡುತ್ತಾರೆ? ಕನ್ನಡ ಬೋರ್ಡಿನ ಮೇಲೆ ಬಟ್ಟೆ ಮುಚ್ಚುವವರು ಯಾರು, ಮುಚ್ಚದೆ ಧೈರ್ಯವಾಗಿ ಗಲ್ಲಾದಲ್ಲಿ ಕೂರುವವರು ಯಾರು? ಏರಿಯಾದ ರಾಜಕೀಯ ಪಕ್ಷದ ಶಾಖೆಯವರ ಜೊತೆ ಮೊದಲಿನಿಂದ ಗಣಪತಿ ಹಬ್ಬದ ವರ್ಗಣಿ, ಚಹಾ, ಮಾತುಕತೆ ಇದ್ದವರಿಗೆ ಆ ದಿನ ಬೇರೆ ಥರ ಇರುತ್ತದಾ? ಬಹಳ ಹೋಟೆಲಿನವರಿಗೆ ಇದರ ಉತ್ತರ ಗೊತ್ತು. ಬರೆದಿಟ್ಟವರು ನನಗೆ ಸಿಕ್ಕಿಲ್ಲ.

ಗೋವಾದ ಕಡೆ ಬನ್ನಿ. ಮಹದಾಯಿ ಹುಟ್ಟುವುದು ಖಾನಾಪುರ ತಾಲ್ಲೂಕಿನ ಭೀಮಗಡದ ಕಾಡಿನಲ್ಲಿ. ಪಣಜಿ ಮುಟ್ಟುವಾಗ ಅದೇ ಮಾಂಡೋವಿ. ಅದರ ನೀರು ಯಾರಿಗೆ ಎಷ್ಟು ಎಂಬ ಜಗಳಕ್ಕೆ 2010ರಲ್ಲಿ ನ್ಯಾಯಮಂಡಳಿ ಆಯಿತು. 2018ರ ಆಗಸ್ಟಿನಲ್ಲಿ ತೀರ್ಪು ಬಂತು. ಕರ್ನಾಟಕಕ್ಕೆ 13.42 ಟಿಎಂಸಿ, ಗೋವಾಕ್ಕೆ 24, ಮಹಾರಾಷ್ಟ್ರಕ್ಕೆ 1.33. ಮೂರೂ ರಾಜ್ಯಗಳಿಗೆ ಸಮಾಧಾನ ಆಗಲಿಲ್ಲ, ಮೂರೂ ಸುಪ್ರೀಂ ಕೋರ್ಟಿಗೆ ಹೋದವು. ವಾಸ್ಕೊ, ಜುವಾರಿನಗರದ ಕಡೆ ಇರುವ ನಮ್ಮ ಜನರನ್ನು ನೆನೆಸಿಕೊಳ್ಳಿ. ಕಟ್ಟಡ ಕೆಲಸಕ್ಕೆಂದು ಬಂದು, ಅಲ್ಲೇ ರೇಷನ್ ಕಾರ್ಡ್ ಮಾಡಿಸಿ, ಮಕ್ಕಳನ್ನು ಅಲ್ಲೇ ಶಾಲೆಗೆ ಹಾಕಿದವರು. ಊರಲ್ಲಿ ಅಣ್ಣ ಮಹದಾಯಿ ನೀರು ಬೇಕೆಂಬ ನರಗುಂದದ ಹೋರಾಟದಲ್ಲಿ ಕೂತಿರುತ್ತಾನೆ. ಇಲ್ಲಿ ತಮ್ಮ ಗೋವಾದ ನಲ್ಲಿ ನೀರು ಕುಡಿಯುತ್ತಾನೆ. ಹೊಳೆಯ ನೀರು ತಿರುಗಿಸಿದರೆ ಸಮುದ್ರದ ಉಪ್ಪು ಮೇಲೆ ಏರುತ್ತದೆ ಎಂಬ ಗೋವಾದವರ ಭಯವನ್ನು ಅವನು ದಿನಾ ಕೇಳುತ್ತಾನೆ. ಹುಬ್ಬಳ್ಳಿಯಲ್ಲಿ ವಾರಕ್ಕೊಮ್ಮೆ ಬರುವ ನಲ್ಲಿಯೂ ಅವನಿಗೆ ಗೊತ್ತು. ಎರಡೂ ಕಡೆಯ ಮಾತು ತಲೆಯೊಳಗೆ ಇಟ್ಟುಕೊಂಡಿರುವ ಇಂಥವನನ್ನು ಯಾವ ನ್ಯಾಯಮಂಡಳಿಯೂ ಸಾಕ್ಷಿಗೆ ಕರೆಯುವುದಿಲ್ಲ. ಅವನ ಕೆಲಸ ಅದಲ್ಲ, ಸರಿ. ಸಂಶೋಧಕ ಕರೆಯಬಹುದು.

ಇಂಥ ಓದಿನಿಂದ ಏನಾದರೂ ಉಪಯೋಗ ಇದೆಯೇ ಎಂದರೆ ಭಿವಂಡಿ ನಮ್ಮ ಪಕ್ಕದಲ್ಲೇ ಇದೆ. ಪವರ್‌ಲೂಮ್‌ಗಳ ಊರು. 1970ರಲ್ಲಿ, ಮತ್ತೆ 1984ರಲ್ಲಿ ಅಲ್ಲಿ ಭೀಕರ ಕೋಮು ಗಲಭೆ ಆಗಿತ್ತು. 1988ರಲ್ಲಿ ಡಿಸಿಪಿ ಆಗಿ ಬಂದ ಸುರೇಶ್ ಖೋಪಡೆ ಬಡಾವಣೆ ಬಡಾವಣೆಗೆ ಮೊಹಲ್ಲಾ ಕಮಿಟಿ ಮಾಡಿದರು. ಹಿಂದೂ ಮುಸ್ಲಿಮರು ಸರಿಸಮ. ದೊಡ್ಡ ಭಾಷಣಗಳಿಗಿಂತ ನೆರೆಹೊರೆಯ ಸಣ್ಣಪುಟ್ಟ ತಕರಾರುಗಳ ಮೇಲೆ ಕೂತು ಮಾತಾಡಿದರು. ಹೀಗೆ ವರ್ಷಗಟ್ಟಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡಿದ್ದರು. 1992ರ ಡಿಸೆಂಬರಿನಲ್ಲಿ ಬಾಬ್ರಿ ಮಸೀದಿ ಬಿದ್ದ ಮೇಲೆ ಮುಂಬಯಿಯಲ್ಲಿ ಸುಮಾರು 900 ಜನ ಸತ್ತರು. ಎರಡು ಸಲ ಉರಿದ ಭಿವಂಡಿ ಆ ಸಲ ಉರಿಯಲಿಲ್ಲ. ರಾಜ್ಯಶಾಸ್ತ್ರದ ವಿದ್ವಾಂಸ ಅಶುತೋಷ್ ವಾರ್ಷ್ಣೇಯ ನಮ್ಮ ದೇಶದ ಬೇರೆ ಬೇರೆ ಊರುಗಳನ್ನು ಜೋಡಿ ಜೋಡಿಯಾಗಿ ಹೋಲಿಸಿ, ಎರಡೂ ಸಮುದಾಯದವರು ಒಂದೇ ಸಂಘಟನೆಗಳಲ್ಲಿ, ವ್ಯಾಪಾರದಲ್ಲಿ ಸೇರಿಕೊಂಡಿದ್ದ ಊರುಗಳಲ್ಲಿ ಗಲಭೆ ಕಡಿಮೆ ಎಂದು ತೋರಿಸಿದರು. 1994ರಲ್ಲಿ ಮುಂಬಯಿಯಲ್ಲೂ ಮೊಹಲ್ಲಾ ಕಮಿಟಿಗಳ ಚಳವಳಿ ಶುರುವಾಯಿತು. ನಿವೃತ್ತ ಪೊಲೀಸ್ ಅಧಿಕಾರಿ ಜೂಲಿಯೋ ರಿಬೇರೋ, ಸಮಾಜ ಕಾರ್ಯಕರ್ತೆ ಸುಶೋಭಾ ಬರ್ವೆ, ಆಗಿನ ಪೊಲೀಸ್ ಕಮಿಷನರ್ ಸತೀಶ್ ಸಾಹನಿ ಅದರ ಮುಂದಾಳುಗಳು.

ಹಳ್ಳಿಗಳಲ್ಲಿ ಇದೇ ಮಹಾರಾಷ್ಟ್ರ ಸರ್ಕಾರ 2007ರ ಆಗಸ್ಟ್ 15ಕ್ಕೆ ತಂಟಾಮುಕ್ತ ಗಾವ್ ಮೋಹಿಮ್, ಅಂದರೆ ಜಗಳವಿಲ್ಲದ ಹಳ್ಳಿಯ ಅಭಿಯಾನ, ಶುರು ಮಾಡಿತು. ಊರಿನ ವ್ಯಾಜ್ಯ ಊರಲ್ಲೇ ಮುಗಿಸಲು ಸಮಿತಿ, ಮುಗಿಸಿದ ಊರಿಗೆ ಬಹುಮಾನ. ಬಹುಮಾನಕ್ಕಾಗಿ ಯಾರದೋ ಬಾಯಿ ಮುಚ್ಚಿಸಿದ್ದೂ ಇದೆಯಾ? ಹೆಂಗಸರ ದೂರು, ದಲಿತರ ದೂರು ಅಲ್ಲಿ ಏನಾಯಿತು? ಇದನ್ನು ಕೇಳದೆ 'ಎಲ್ಲ ರಾಜಿ ಆಯಿತು' ಎಂದು ಚಪ್ಪಾಳೆ ಹೊಡೆಯಲು ನನಗೆ ಮನಸ್ಸಿಲ್ಲ. ನಮ್ಮ ಹಿರಿಯರ ಪಂಚಾಯ್ತಿಕೆಗೂ ಇದೇ ಮಾತು.

ಕಾನೂನು ಕೂಡ ಈ ಕಡೆಗೇ ಬರುತ್ತಿದೆ. 2023ರ ಮಧ್ಯಸ್ಥಿಕೆ ಕಾಯ್ದೆಯಲ್ಲಿ ಸಮುದಾಯ ಮಧ್ಯಸ್ಥಿಕೆಗೆಂದೇ ಒಂದು ಅಧ್ಯಾಯ ಇದೆ. ಅದರ ಪ್ರಕಾರ ಒಂದು ಪ್ರದೇಶದ ನೆಮ್ಮದಿ ಕೆಡಿಸುವಂಥ ಜಗಳವನ್ನು, ಎರಡೂ ಕಡೆಯವರು ಒಪ್ಪಿದರೆ, ಮೂವರು ಮಧ್ಯಸ್ಥರ ಮುಂದೆ ಇಡಬಹುದು. ಸಮಾಜದಲ್ಲಿ ಹೆಸರು ಇರುವವರು, ನಿವಾಸಿಗಳ ಸಂಘದವರು ಮಧ್ಯಸ್ಥರಾಗಬಹುದು. ಅಲ್ಲಿ ಆದ ರಾಜಿಗೆ ಕೋರ್ಟಿನ ಡಿಕ್ರಿಯ ಬಲ ಇಲ್ಲ, ಮಾತಿನ ಮೇಲೆ ನಿಲ್ಲಬೇಕು. ಅಂದರೆ ನಾಳೆ ನಿಮ್ಮಲ್ಲೇ ಯಾರನ್ನಾದರೂ ಆ ಕುರ್ಚಿಗೆ ಕರೆಯಬಹುದು. ಆಗ ಏನು ಮಾಡುತ್ತೀರಿ? ಯಾರನ್ನು ಮೊದಲು ಮಾತಾಡಿಸುತ್ತೀರಿ? ಇಬ್ಬರನ್ನೂ ಬೇರೆ ಬೇರೆ ಕೂರಿಸುತ್ತೀರೋ, ಒಟ್ಟಿಗೋ?

ಈಗ ದುಡ್ಡಿನ ಮಾತು. ಯುಜಿಸಿಯ 2022ರ ನಿಯಮದ ಪ್ರಕಾರ ಪಿಎಚ್‌ಡಿಗೆ ಕಡಿಮೆ ಎಂದರೆ 3 ವರ್ಷ, ಹೆಚ್ಚೆಂದರೆ 6 ವರ್ಷ. ಮರು ನೋಂದಣಿ ಮಾಡಿಸಿದರೆ ಇನ್ನೆರಡು, ಹೆಂಗಸರಿಗೆ ಅದರ ಮೇಲೂ ಎರಡು. ನೌಕರಿ ಮಾಡುತ್ತಲೇ ಅರೆಕಾಲಿಕವಾಗಿಯೂ ಮಾಡಬಹುದು, ಕೆಲಸ ಕೊಟ್ಟವರ ಒಪ್ಪಿಗೆ ಪತ್ರ ಬೇಕು. ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್ (ಕಿರಿಯ ಸಂಶೋಧಕರ ಫೆಲೋಶಿಪ್) ಸಿಕ್ಕಿದವರಿಗೆ 2023ರಿಂದ ತಿಂಗಳಿಗೆ 37,000 ರೂಪಾಯಿ. ಅದು ಸಿಗದವರು ಕೈಯಿಂದ ಹಾಕಿಕೊಳ್ಳಬೇಕು. ಜತ್‌ಗೆ ಹೋಗಿ ಬರುವ ಬಸ್ಸು, ಅಲ್ಲಿ ಉಳಿಯುವ ಖರ್ಚು, ಗಂಟೆಗಟ್ಟಲೆಯ ಮಾತನ್ನು ಕೇಳಿ ಬರೆದುಕೊಳ್ಳುವವರಿಗೆ ಕೂಲಿ, ಎಲ್ಲವೂ. ನಮ್ಮ ಒಂದು ವಾರ್ಷಿಕೋತ್ಸವದ ಶಾಲು, ಹಾರ, ಸ್ಮರಣಿಕೆಯ ಖರ್ಚನ್ನು ನಾನು ಸುಮ್ನೆ ಲೆಕ್ಕ ಹಾಕಿ ನೋಡಿದೆ. ಇಲ್ಲಿ ಬರೆಯುವುದಿಲ್ಲ. ನೀವೇ ಹಾಕಿ ನೋಡಿ.

ದುಡ್ಡಿಗಿಂತ ದೊಡ್ಡ ತೊಡಕು, ಗೈಡ್ ಸಿಗುವುದು. ಸಂದರ್ಶನಕ್ಕೆ ಹೋದ ಒಂದು ಕಡೆ ನನ್ನನ್ನು ರಾಜ್ಯಶಾಸ್ತ್ರದವರು ಸಮಾಜಶಾಸ್ತ್ರಕ್ಕೆ ಕಳಿಸಿದರು, ಸಮಾಜಶಾಸ್ತ್ರದವರು ಕಾನೂನಿಗೆ ಕಳಿಸಿದರು, ಕಾನೂನಿನವರು ರಾಜ್ಯಶಾಸ್ತ್ರದಲ್ಲಿ ಕೇಳಿದಿರಾ ಎಂದರು. ವಿಷಯ ಎಲ್ಲರಿಗೂ ಹಿಡಿಸಿತು, ಜವಾಬ್ದಾರಿ ಯಾರಿಗೂ ಬೇಡ. ನಿಯಮದಲ್ಲಿ ಇದಕ್ಕೆ ದಾರಿ ಇದೆ. ಬೇರೆ ವಿಭಾಗದಿಂದ, ಬೇರೆ ಸಂಸ್ಥೆಯಿಂದಲೂ ಸಹ ಮಾರ್ಗದರ್ಶಕರನ್ನು ತೆಗೆದುಕೊಳ್ಳಬಹುದು. ಮುಂಬಯಿ ವಿಶ್ವವಿದ್ಯಾಲಯದ ಕಲೀನಾ ಆವರಣದಲ್ಲಿ ನಮ್ಮದೇ ಕನ್ನಡ ವಿಭಾಗ ಇದೆ. ದತ್ತಿ ಉಪನ್ಯಾಸ, ಚಿನ್ನದ ಪದಕ ಇಡುವುದು ನಮ್ಮವರಿಗೆ ಹೊಸದಲ್ಲ. ಕನ್ನಡ ವಿಭಾಗದ ಒಬ್ಬರು ಮತ್ತು ರಾಜ್ಯಶಾಸ್ತ್ರ ಅಥವಾ ಕಾನೂನಿನ ಒಬ್ಬರು ಜೊತೆಯಾಗಿ ಮಾರ್ಗದರ್ಶನ ಮಾಡುವ ಹಾಗೆ ನೀವು ಹೋಗಿ ಮಾತಾಡಿ. ವಿದ್ಯಾರ್ಥಿ ಹೋಗಿ ಕೇಳುವುದಕ್ಕೂ ಸಂಘದ ಲೆಟರ್‌ಹೆಡ್ ಹೋಗಿ ಕೇಳುವುದಕ್ಕೂ ಎಷ್ಟು ವ್ಯತ್ಯಾಸ ಇದೆ ಎಂದು ನಿಮಗೆ ಗೊತ್ತು.

ಕೊನೆಗೆ ನಡಾವಳಿ ಪುಸ್ತಕದ ಮಾತು. ಮುಂಬಯಿಯ ಕನ್ನಡ ಸಂಘಗಳ ಚರಿತ್ರೆಯನ್ನು ಸ್ಮರಣ ಸಂಚಿಕೆಗಳಲ್ಲಿ ಓದಿದರೆ ಎಲ್ಲರೂ ಎಲ್ಲರೊಡನೆ ನಗುತ್ತಲೇ ಇದ್ದರು ಅನಿಸುತ್ತದೆ. ನಿಜ ಏನೆಂದು ನಮಗೆ ಗೊತ್ತು. ಒಂದು ಸಂಘ ಒಡೆದು ಎರಡಾದದ್ದು, ಚುನಾವಣೆಯ ನಂತರ ಚಾರಿಟಿ ಕಮಿಷನರ್ ಕಚೇರಿಯಲ್ಲಿ ಹೊಸ ಪದಾಧಿಕಾರಿಗಳನ್ನು ದಾಖಲಿಸುವ ಚೇಂಜ್ ರಿಪೋರ್ಟಿಗೆ ತಕರಾರು ಬಿದ್ದದ್ದು, ಅದು ವರ್ಷಗಟ್ಟಲೆ ಎಳೆದದ್ದು, ಅಣ್ಣ ತಮ್ಮಂದಿರ ಹಾಗೆ ಇದ್ದವರು ಒಂದೇ ಮದುವೆ ಹಾಲಿನಲ್ಲಿ ಬೇರೆ ಬೇರೆ ಪಂಕ್ತಿಯಲ್ಲಿ ಕೂತದ್ದು. ಹೋಟೆಲ್ ಪಾಲುದಾರರ ಜಗಳಗಳೂ ಇದ್ದವು. ಹೋಟೆಲಿನ ಹಿಂದಿನ ಕೋಣೆಯಲ್ಲಿ ಹಿರಿಯರು ಲೆಕ್ಕದ ಪುಸ್ತಕ ತರಿಸಿ ಕೂರುತ್ತಿದ್ದರು. ಅಲ್ಲೂ ಬಗೆಹರಿಯದಿದ್ದರೆ ಧರ್ಮಸ್ಥಳದ ಆಣೆ. ಆ ಹಿರಿಯರಲ್ಲಿ ಹಲವರು ಈಗಿಲ್ಲ. ಇರುವವರ ಮಾತನ್ನಾದರೂ ರೆಕಾರ್ಡ್ ಮಾಡಿಕೊಳ್ಳಬೇಕು. ಇದು ಈ ವರ್ಷವೇ ಆಗಬೇಕಾದ ಕೆಲಸ.

ಮರ್ಯಾದೆ ಹೋಗುತ್ತದೆ ಎಂಬ ಹೆದರಿಕೆ ಬೇಡ. ಈ ಸಂಶೋಧನೆಯಲ್ಲಿ ಹೆಸರು ಬರೆಯುವುದಿಲ್ಲ. ಮೊದಲು ಒಪ್ಪಿಗೆ ಪತ್ರ, ಆಮೇಲೆ ಪ್ರಶ್ನೆ. ಊರು, ವರ್ಷ, ವ್ಯಕ್ತಿಯ ಗುರುತು ಬದಲಿಸಿ ಬರೆಯುತ್ತಾರೆ. ಮಧ್ಯದಲ್ಲಿ ಯಾರಾದರೂ ಬೇಡ ಎಂದರೆ ಅವರ ಮಾತನ್ನು ಅಳಿಸಬೇಕು. ಒಂದೇ ಷರತ್ತು ನಿಮ್ಮ ಕಡೆಯಿಂದ ಬೇಡ: 'ನಮ್ಮ ಸಂಘದ ಬಗ್ಗೆ ಒಳ್ಳೆಯದನ್ನೇ ಬರೆಯಬೇಕು' ಎಂಬುದು. ಆ ಷರತ್ತು ಹಾಕುವುದಾದರೆ ಫೆಲೋಶಿಪ್ಪೂ ಬೇಡ, ದುಡ್ಡನ್ನು ಸ್ಮರಣ ಸಂಚಿಕೆಗೇ ಇಟ್ಟುಕೊಳ್ಳಿ.

ಒಬ್ಬ ವಿದ್ಯಾರ್ಥಿಯಿಂದ ಶುರು ಮಾಡಿದರೆ ಸಾಕು. ಆಯ್ಕೆ ಸಮಿತಿಯಲ್ಲಿ ಸಂಘದವರು ಒಬ್ಬರಿಗಿಂತ ಜಾಸ್ತಿ ಇರಬಾರದು. ಉಳಿದವರು ವಿಶ್ವವಿದ್ಯಾಲಯದವರು ಮತ್ತು ಕೋರ್ಟಿನ ಮಧ್ಯಸ್ಥಿಕೆ ಕೇಂದ್ರಗಳಲ್ಲಿ ಕೆಲಸ ಮಾಡಿದವರು ಇರಲಿ. ಯೋಜನೆಯ ಕರಡನ್ನು ಕನ್ನಡದಲ್ಲಿ ಬರೆದಿಟ್ಟಿದ್ದೇನೆ. ಯಾವ ಸಂಘ ಕರೆದರೂ ಕಾರ್ಯಕಾರಿ ಸಮಿತಿಯ ಸಭೆಗೆ ಬಂದು ವಿವರಿಸುತ್ತೇನೆ. ಭಾನುವಾರ ಆದರೆ ಯಾವ ಹೊತ್ತಿಗಾದರೂ ಸರಿ. ಉಳಿದ ದಿನ ರಾತ್ರಿ ಎಂಟರ ನಂತರ ಇಟ್ಟುಕೊಳ್ಳಿ, ಆಫೀಸ್ ಮುಗಿಸಿ ಬರಬೇಕು. ಒಪ್ಪದವರು ಇದ್ದರೆ ಅವರನ್ನೂ ತಪ್ಪದೆ ಸಭೆಗೆ ಕರೆಯಿರಿ.

ಇತಿ,
ಡೊಂಬಿವಲಿಯ ಒಬ್ಬ ಸಂಶೋಧಕಿ